ಬಾಯಿ ಜಾರಿದ ಮಾತು ರಷ್ಯಾದ ಗಾದೆಯಾದ ಕತೆ

'ಒಳ್ಳೇದಾಗಲಿ ಅಂತಲೇ ಹೊರಟೆವು, ಆಗಿದ್ದು ಮಾತ್ರ ಯಾವಾಗಿನ ಹಾಗೇ.' ಸರ್ಕಾರದ ಯೋಜನೆ ಹಳ್ಳ ಹಿಡಿದರೂ, ಮನೆ ರಿಪೇರಿ ಕೆಟ್ಟರೂ ರಷ್ಯಾದ ಜನ ಆಡುವ ಮಾತು ಇದು. ಅಜ್ಜ ಅಜ್ಜಿಯರ ಕಾಲದ ಗಾದೆ ಅನ್ನಿಸುತ್ತದೆ, ಅಲ್ವಾ? ಆದರೆ ಇದು ಹುಟ್ಟಿದ್ದು 1993ರ ಆಗಸ್ಟ್‌ನಲ್ಲಿ, ಆಗಿನ ಪ್ರಧಾನಿ ವಿಕ್ಟರ್ ಚೆರ್ನೊಮಿರ್ದಿನ್ ಬಾಯಲ್ಲಿ.

ಸೋವಿಯತ್ ಒಕ್ಕೂಟ ಒಡೆದುಹೋಗಿತ್ತು. ಆದರೂ ಅದರಿಂದ ಬೇರೆಯಾದ ಹಲವು ದೇಶಗಳಲ್ಲಿ ಹಳೇ ರೂಬಲ್ ನೋಟುಗಳೇ ಓಡುತ್ತಿದ್ದವು. ಅವು ರಷ್ಯಾಕ್ಕೆ ಹರಿದು ಬರುತ್ತಿದ್ದವು. ಬೆಲೆಗಳಂತೂ ಕೈಗೆ ಸಿಗುತ್ತಿರಲಿಲ್ಲ. ಇದಕ್ಕೆ ತಡೆ ಹಾಕಲು ಜುಲೈ 24ರ ಶನಿವಾರ ಕೇಂದ್ರ ಬ್ಯಾಂಕ್ ಒಂದು ಘೋಷಣೆ ಮಾಡಿತು: 1961ರಿಂದ 1992ರವರೆಗೆ ಅಚ್ಚಾದ ನೋಟುಗಳು ಸೋಮವಾರದಿಂದ ನಡೆಯುವುದಿಲ್ಲ. ಒಬ್ಬರು ಬದಲಿಸಿಕೊಳ್ಳಬಹುದಾದದ್ದು 35,000 ರೂಬಲ್ ಮಾತ್ರ, ಅದೂ ಎರಡು ವಾರದೊಳಗೆ. ಆಗಿನ ಲೆಕ್ಕದಲ್ಲಿ ಅದು ಹೆಚ್ಚುಕಮ್ಮಿ 35 ಡಾಲರ್.

ಬೇಸಿಗೆ ರಜೆಯ ಸಮಯ. ಎಷ್ಟೋ ಜನ ಊರು ಬಿಟ್ಟು ಹೋಗಿದ್ದರು, ಕೈಯಲ್ಲಿದ್ದದ್ದು ಹಳೇ ನೋಟು. ಬ್ಯಾಂಕುಗಳ ಮುಂದೆ ಸಾಲು ಬೆಳೆಯಿತು. ಹಣಕಾಸು ಮಂತ್ರಿ ಬೋರಿಸ್ ಫ್ಯೋದೊರೊವ್ ಆಗ ಅಮೆರಿಕದಲ್ಲಿದ್ದರು. ಜನರ ಸಿಟ್ಟು ನೋಡಿ ಅಧ್ಯಕ್ಷ ಯೆಲ್ತ್ಸಿನ್ ಎರಡೇ ದಿನದಲ್ಲಿ ಮಿತಿಯನ್ನು 1 ಲಕ್ಷ ರೂಬಲ್‌ಗೆ ಏರಿಸಿದರು, ಗಡುವನ್ನೂ ಆಗಸ್ಟ್ ಕೊನೆವರೆಗೆ ಮುಂದೂಡಿದರು.

ಆಗಸ್ಟ್ 6ರಂದು ಪತ್ರಕರ್ತರೆದುರು ಇದನ್ನೆಲ್ಲ ವಿವರಿಸುವಾಗ ಚೆರ್ನೊಮಿರ್ದಿನ್ ಬಾಯಿಂದ ಆ ಮಾತು ಬಂತು. ನನ್ನ ಪ್ರಕಾರ ಅದು ಉಳಿದದ್ದು ಬರೀ ತಮಾಷೆಗಲ್ಲ. 'ಯಾವಾಗಿನ ಹಾಗೇ' ಅನ್ನುವುದರಲ್ಲೇ ಅದರ ಜೀವ ಇದೆ. ಜನ ಮನೆಯಲ್ಲಿ ಗೊಣಗುತ್ತಿದ್ದದ್ದನ್ನು ದೇಶದ ಪ್ರಧಾನಿಯೇ ಒಪ್ಪಿಕೊಂಡಂತಾಯಿತು. ಬರೆದುಕೊಟ್ಟ ಭಾಷಣವಾಗಿದ್ದರೆ ಈ ಸಾಲು ಖಂಡಿತ ಇರುತ್ತಿರಲಿಲ್ಲ.

ಅವರು ಮಾತಿನ ಮಲ್ಲರಲ್ಲ. ಒರೆನ್‌ಬುರ್ಗ್ ಪ್ರಾಂತ್ಯದ ಹಳ್ಳಿಯವರು, ತೈಲ ಶುದ್ಧೀಕರಣ ಕಾರ್ಖಾನೆಯಲ್ಲಿ ದುಡಿದು ಮೇಲೆ ಬಂದವರು. ಸೋವಿಯತ್ ಕಾಲದಲ್ಲಿ ಅನಿಲ ಖಾತೆಯ ಮಂತ್ರಿಯಾಗಿ, 1989ರಲ್ಲಿ ಗಾಜ್‌ಪ್ರೋಮ್ ಅನ್ನೋ ದೊಡ್ಡ ಅನಿಲ ಸಂಸ್ಥೆ ಕಟ್ಟಿದರು. ಮೈಕ್ ಮುಂದೆ ವಾಕ್ಯ ಎಲ್ಲೋ ಶುರುವಾಗಿ ಎಲ್ಲೋ ಮುಗಿಯುತ್ತಿತ್ತು. ಅಂಥ ಮಾತುಗಳಿಗೆ ಜನ 'ಚೆರ್ನೊಮಿರ್ದಿಂಕಿ' ಅಂತ ಹೆಸರಿಟ್ಟು ಕೂಡಿಡತೊಡಗಿದರು. ಅವರು ಆಡದ ಮಾತುಗಳೂ ಅವರ ತಲೆಗೇ ಬಂದವು.

ಆದರೆ ಒಂದು ಮಾತನ್ನು ಸುಮ್ನೆ ಈ ಪಟ್ಟಿಗೆ ಸೇರಿಸಿಬಿಡುವುದು ನನಗೆ ಸರಿ ಕಾಣುವುದಿಲ್ಲ. 1995ರ ಜೂನ್‌ನಲ್ಲಿ ರಷ್ಯಾದಿಂದ ಬೇರೆಯಾಗಲು ಹೋರಾಡುತ್ತಿದ್ದ ಚೆಚೆನ್ ಬಂಡುಕೋರರು ಬುದ್ಯೊನ್ನೊವ್ಸ್ಕ್ ಪಟ್ಟಣದ ಆಸ್ಪತ್ರೆಯಲ್ಲಿ ಸಾವಿರಕ್ಕೂ ಜಾಸ್ತಿ ಜನರನ್ನು ಒತ್ತೆ ಇಟ್ಟುಕೊಂಡಿದ್ದರು. ಸೇನೆಯ ದಾಳಿ ವಿಫಲವಾಗಿತ್ತು. ಆಗ ಬಂಡುಕೋರರ ನಾಯಕ ಶಮೀಲ್ ಬಸಾಯೆವ್ ಜೊತೆ ಮಾತಾಡಲು ಚೆರ್ನೊಮಿರ್ದಿನ್ ಖುದ್ದು ಫೋನ್ ಹಿಡಿದರು. ಇಡೀ ದೇಶ ಟಿವಿಯಲ್ಲಿ ನೋಡುತ್ತಿತ್ತು. ಲೈನ್ ಸರಿಯಾಗಿ ಕೇಳದೆ ಅವರು ಕೂಗಿದರು: 'ಶಮೀಲ್ ಬಸಾಯೆವ್, ಜೋರಾಗಿ ಮಾತಾಡಿ!' ಅದೂ ಜನರ ನಾಲಿಗೆ ಮೇಲೆ ನಿಂತಿತು, ನಗೆಪಾಟಲೂ ಆಯಿತು. ನೂರಕ್ಕೂ ಹೆಚ್ಚು ಜನ ಆ ದಿನಗಳಲ್ಲಿ ಸತ್ತಿದ್ದರು. ಆದರೆ ಆ ಮಾತುಕತೆಯಿಂದಲೇ ಆಸ್ಪತ್ರೆಯಲ್ಲಿ ಉಳಿದಿದ್ದವರ ಬಿಡುಗಡೆಯಾಯಿತು.