ಫೈಟ್ ಕೇಳುತ್ತೆ, ಮಾತು ಕೇಳಲ್ಲ!

ಪ್ರಶ್ನೆ: ದಾವಣಗೆರೆ ವಿದ್ಯಾನಗರದಲ್ಲಿ ನಮ್ಮ ಮನೆ. ಯುಗಾದಿಗೆ 55 ಇಂಚಿನ ಟಿವಿ, ಜೊತೆಗೆ 5.1 ಹೋಮ್ ಥಿಯೇಟರ್ ತಂದೆವು. ಫೈಟ್ ಬಂದರೆ ಕಿಟಕಿ ಗಾಜು ನಡುಗುತ್ತದೆ. ಮಾತು ಮಾತ್ರ ತಿಳಿಯುವುದೇ ಇಲ್ಲ. ವಾಲ್ಯೂಮ್ ಏರಿಸಿ ಇಳಿಸಿ ಸಾಕಾಗಿದೆ. ಇನ್ನೂ ಜಾಸ್ತಿ ವ್ಯಾಟ್‌ನ ಸೆಟ್ ತಗೊಳ್ಳಬೇಕಾ?

ಉತ್ತರ: ಬೇಡ. ವ್ಯಾಟ್ ಜಾಸ್ತಿಯಾದರೆ ಫೈಟೂ ಅಷ್ಟೇ ಜೋರಾಗುತ್ತದೆ. ನಿಮ್ಮ ತಾಪತ್ರಯ ಇದ್ದಲ್ಲೇ ಇರುತ್ತದೆ.

5.1 ಅಂದರೆ ಐದು ಸ್ಪೀಕರ್, ಒಂದು ಸಬ್ ವೂಫರ್ (ಬೇಸ್, ಅಂದರೆ ಗುಡುಗಿನಂಥ ತಗ್ಗು ಸದ್ದಿನ ಪೆಟ್ಟಿಗೆ). ಐದರಲ್ಲಿ ಟಿವಿ ಕೆಳಗೆ ಕೂರುವುದು ಸೆಂಟರ್. ಸಿನಿಮಾದ ಮಾತು ಹೆಚ್ಚುಕಡಿಮೆ ಪೂರ್ತಿ ಅದರಲ್ಲೇ ಬರುತ್ತದೆ. ಟಾಕೀಸಿನಲ್ಲಿ ಈ ಸೆಂಟರ್ ಇರುವುದು ಪರದೆಯ ಹಿಂದೆ. ಪರದೆ ತುಂಬ ಸಣ್ಣ ಸಣ್ಣ ತೂತು, ಅದರಿಂದ ಮಾತು ಆಚೆ ಬರುತ್ತದೆ. ಅದಕ್ಕೇ ನಟನ ಬಾಯಿಂದಲೇ ಬಂದಂತೆ ಕೇಳುವುದು.

ನಿಮ್ಮ ಸೆಂಟರ್ ಎಲ್ಲಿದೆ, ಒಮ್ಮೆ ನೋಡಿ. ಬಹಳ ಮನೆಗಳಲ್ಲಿ ಅದು ಶೋಕೇಸಿನ ಒಳಗೆ, ಮಕ್ಕಳ ಪ್ರೈಜ್ ಕಪ್‌ಗಳ ಹಿಂದೆ ಇರುತ್ತದೆ. ಕೊಡದೊಳಗೆ ಬಾಯಿಟ್ಟು ಮಾತಾಡಿದ ಹಾಗೆ ಕೇಳದೆ ಇನ್ನೇನು? ಹಲಗೆಯ ಅಂಚಿಗೆ ಎಳೆಯಿರಿ. ತೀರಾ ಕೆಳಗಿದ್ದರೆ ಮುಂದಿನ ಅಂಚಿನಡಿ ಒಂದು ರಟ್ಟು ಮಡಚಿ ಇಡಿ, ಮುಖ ಮೇಲಾಗಲಿ. ಸೋಫಾದಲ್ಲಿ ಕೂತವರ ಕಿವಿ ನೆಲದಿಂದ ಮೂರು, ಮೂರೂವರೆ ಅಡಿ ಮೇಲಿರುತ್ತದೆ. ಸೆಂಟರಿನ ಮುಖ ಅತ್ತ ತಿರುಗಿರಬೇಕು.

ಆಮೇಲೆ ವೈರ್. ಇದನ್ನು ನನ್ನ ಮನೆಯಲ್ಲೇ ಎಡವಟ್ಟು ಮಾಡಿಕೊಂಡಿದ್ದೆ. ಸೆಂಟರಿನ ಕೆಂಪು ವೈರ್ ಕಪ್ಪಿಗೆ, ಕಪ್ಪು ಕೆಂಪಿಗೆ. ಸದ್ದು ಬರುತ್ತಿತ್ತು, ಆದರೆ ಟೊಳ್ಳು ಟೊಳ್ಳು. ಒಂದು ವಾರ ಟಿವಿಯನ್ನೇ ಬೈದೆ. ಪರೀಕ್ಷೆಗೆ 1.5 ವೋಲ್ಟಿನ ಪೆನ್ಸಿಲ್ ಸೆಲ್ ಸಾಕು. ಸೆಟ್ ಆಫ್ ಮಾಡಿ, ಆಂಪ್ಲಿಫೈಯರ್ (ಸ್ಪೀಕರ್ ವೈರ್‌ಗಳೆಲ್ಲ ಬಂದು ಸೇರುವ ಪೆಟ್ಟಿಗೆ) ಕಡೆಯ ಎರಡೂ ವೈರ್ ಬಿಚ್ಚಿ. ಪ್ಲಸ್‌ಗೆ ಹೋಗಬೇಕಾದ ವೈರನ್ನು ಸೆಲ್ಲಿನ ಪ್ಲಸ್ ತುದಿಗೆ, ಇನ್ನೊಂದನ್ನು ತಳಕ್ಕೆ ಒಂದು ಕ್ಷಣ ತಾಗಿಸಿ. ಸ್ಪೀಕರಿನ ಕೋನ್ (ಸದ್ದಿಗೆ ಅದುರುವ ಬಟ್ಟಲಿನಂಥ ಭಾಗ) 'ಟಪ್' ಅಂತ ಮುಂದೆ ಬಂದರೆ ಸರಿ. ಒಳಗೆ ಹೋದರೆ ವೈರ್ ಅದಲುಬದಲಾಗಿದೆ.

ಸೆಟ್ಟಿಂಗ್ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಟಿವಿಯಿಂದ ಸೆಟ್‌ಗೆ ಹೋಗುವ ಎಚ್‌ಡಿಎಂಐ ಕೇಬಲ್, ಎರಡೂ ಕಡೆ ಎಆರ್‌ಸಿ ಅಂತ ಬರೆದಿರುವ ಪೋರ್ಟ್‌ನಲ್ಲೇ ಇರಲಿ. ಟಿವಿಯ ಆಡಿಯೋ ಔಟ್‌ಪುಟ್ ಪಿಸಿಎಂ ಅಂತಿದ್ದರೆ ಬಹಳ ಸಲ ಸ್ಟೀರಿಯೋ, ಅಂದರೆ ಎಡ-ಬಲದ ಸದ್ದು ಮಾತ್ರ ಹೋಗುತ್ತದೆ, ಸೆಂಟರ್ ಸುಮ್ನೆ ಕೂತಿರುತ್ತದೆ. ಆಟೋ ಅಥವಾ ಪಾಸ್ ಥ್ರೂಗೆ ಹಾಕಿ. ಸಿನಿಮಾದ ಕನ್ನಡ ಟ್ರ್ಯಾಕೇ ಸ್ಟೀರಿಯೋ ಆಗಿದ್ದರೆ, ಸೆಟ್‌ನಲ್ಲಿ ಡಾಲ್ಬಿ ಸರೌಂಡ್ ಅಥವಾ ಪ್ರೊ ಲಾಜಿಕ್ ಮೋಡ್ ಇದೆಯಾ ನೋಡಿ. ಅದು ಮಾತನ್ನು ನಡುವಿಗೆ ಎಳೆದು ತರುತ್ತದೆ. ಸೆಂಟರ್ ಲೆವೆಲ್ ಎರಡು ಮೂರು ಡೆಸಿಬೆಲ್ ಏರಿಸಿ. ರಾತ್ರಿ ಹೊತ್ತು ನೈಟ್ ಮೋಡ್ ಹಾಕಿದರೆ ಜೋರು ಸದ್ದು ತಗ್ಗಿ, ಸಣ್ಣ ಸದ್ದು ಮೇಲೇಳುತ್ತದೆ.

ಇಷ್ಟು ಮಾಡಿಯೂ ತಿಳಿಯದಿದ್ದರೆ ತಪ್ಪು ಸ್ಪೀಕರಿನದಲ್ಲ, ಟಿವಿ ಇಟ್ಟಿರುವ ಹಾಲ್‌ನದು. ನಮ್ಮ ಕಡೆ ಈಗಿನ ಮನೆ ಹೇಗಿರುತ್ತೆ ಹೇಳಿ? ಆರ್‌ಸಿಸಿ ಚಾವಣಿ, ನುಣುಪು ಗೋಡೆ, ಮುಖ ಕಾಣುವಂಥ ಟೈಲ್ಸ್. ಹಾಲಿನ ನಡುವೆ ನಿಂತು ಒಂದೇ ಒಂದು ಚಪ್ಪಾಳೆ ತಟ್ಟಿ. ಹಿಂದೆಯೇ 'ಟ್ರಿಣ್' ಅಂತ ಬಾಲ ಬಂದರೆ ಅದೇ ನಿಮ್ಮ ಕಳ್ಳ. 'ಸ', 'ತ', 'ಪ' ಇಂಥ ಅಕ್ಷರಗಳಲ್ಲಿ ವ್ಯಂಜನದ ಸದ್ದು ಬಹಳ ತೆಳು, ಸ್ವರದ್ದೇ ದಪ್ಪ. ಹಿಂದಿನ 'ಆ'ಕಾರ ಗೋಡೆಗೆ ಬಡಿದು ವಾಪಸ್ ಬರುವಾಗ ಮುಂದಿನ 'ತ'ವನ್ನು ನುಂಗಿಬಿಡುತ್ತದೆ.

ಇದಕ್ಕೆ ಔಷಧಿ ಪಕ್ಕದ ಜಿಲ್ಲೆಯಲ್ಲೇ ಇದೆ: ಚಳ್ಳಕೆರೆ ಕಡೆಯ ಕಂಬಳಿ. ಕುರಿ ಉಣ್ಣೆ, ದಪ್ಪ, ಒರಟು. ಟಿವಿಗೂ ಸೋಫಾಗೂ ನಡುವೆ ಎರಡು ಮಡಿಕೆ ಹಾಸಿ. ಸೋಫಾದ ಹಿಂದಿನ ಗೋಡೆಗೂ ಒಂದು ತೂಗುಹಾಕಿದರೆ ಇನ್ನೂ ಒಳ್ಳೆಯದು, ಮನೆಯವರು ಒಪ್ಪಿದರೆ. ನಮ್ಮಮ್ಮ ಒಪ್ಪಲಿಲ್ಲ. ನೆಲದ ಮೇಲಿನದ್ದರಿಂದಲೇ ಚಪ್ಪಾಳೆಯ ಬಾಲ ಅರ್ಧಕ್ಕರ್ಧ ಕತ್ತರಿಸಿಹೋಯಿತು. ತೆಳು ಜಮಖಾನದಿಂದ ಅಷ್ಟು ಉಪಯೋಗವಿಲ್ಲ.

ಕಂಬಳಿ ಬೇಸ್‌ಗೆ ಮಾತ್ರ ಬಗ್ಗುವುದಿಲ್ಲ. ಸಬ್ ವೂಫರ್ ಮೂಲೆಯಲ್ಲಿದ್ದರೆ ಗುಂಯ್‌ಗುಡುತ್ತಾ ಮಾತಿನ ಮೇಲೆ ಕೂರುತ್ತದೆ. ಒಂದು ಉಪಾಯ ಇದೆ. ವೂಫರನ್ನು ನೀವು ಕೂರುವ ಸೋಫಾದ ಮೇಲೆ ಇಡಿ. ಬೇಸ್ ಇರುವ ಹಾಡು ಹಾಕಿ, ನೀವು ಗೋಡೆ ಬದಿಯಲ್ಲಿ ಅಂಬೆಗಾಲಿಡುತ್ತಾ ಹೋಗಿ. ಎಲ್ಲಿ ಬೇಸ್ ಗುಂಯ್ ಅನ್ನದೆ ಗಟ್ಟಿಯಾಗಿ, ಬಿಡಿಬಿಡಿಯಾಗಿ ಕೇಳುತ್ತದೋ ಅಲ್ಲೇ ವೂಫರಿಗೆ ಜಾಗ. ಬಾಗಿಲು ಹಾಕಿಕೊಂಡು ಮಾಡಿ, ಪಕ್ಕದ ಮನೆಯವರು ನೋಡಿದರೆ ಏನಂದುಕೊಂಡಾರು!

ಇನ್ನು ಫ್ಯಾನ್. ಯುಗಾದಿ ಅಂದರೆ ಬಿಸಿಲು ಶುರು, ಐದರಲ್ಲಿ ತಿರುಗುತ್ತಿರುತ್ತೆ ಅಲ್ವಾ? ಅದರ ಗಾಳಿಯ ಸದ್ದೂ ಆ ತೆಳು ವ್ಯಂಜನಗಳನ್ನೇ ಮುಚ್ಚುತ್ತದೆ. ಮೂರಕ್ಕೆ ಇಳಿಸಿ, ವಾರ್ತೆ ಓದುವ ಚಾನೆಲ್ ಹಾಕಿ, ಮನೆಯಲ್ಲಿ ಕಿವಿ ಮಂದ ಇರುವ ಹಿರಿಯರನ್ನು ಕೂರಿಸಿ ಕೇಳಿಸಿ. ಅವರು "ಏನಂದ?" ಅಂತ ಕೇಳದಿದ್ದರೆ ರಟ್ಟು, ಕಂಬಳಿ, ವೂಫರ್ ಇದ್ದಲ್ಲೇ ಇರಲಿ.