ಸೇನೆಯ ದುಡ್ಡಿನಲ್ಲಿ ಪಿಎ ಓದಬಹುದಾ?

ಓದುಗರ ಪ್ರಶ್ನೆ: ನಾವು ಇರುವುದು ಅಮೆರಿಕದ ಡಲ್ಲಾಸ್ ಹತ್ತಿರ. ಮಗಳು ಇಲ್ಲೇ ಹುಟ್ಟಿದವಳು, ಕಾಲೇಜಿನಲ್ಲಿ ಬಯಾಲಜಿ ಮೂರನೇ ವರ್ಷ. ಫಿಸಿಷಿಯನ್ ಅಸಿಸ್ಟೆಂಟ್ (ಪಿಎ) ಆಗ್ತೀನಿ ಅನ್ನುತ್ತಾಳೆ. ಫೀಸು ನೋಡಿದರೆ ತಲೆ ತಿರುಗುತ್ತದೆ. ಮಾಲ್‌ನಲ್ಲಿ ಸಿಕ್ಕ ಸೇನೆಯ ರಿಕ್ರೂಟರ್ ಒಬ್ಬರು "ಸೇರಿಕೋ, ಓದಿಸೋದು ನಮ್ಮ ಜವಾಬ್ದಾರಿ" ಅಂದರಂತೆ. ನಂಬಬಹುದಾ? ದಾವಣಗೆರೆಯಲ್ಲಿರುವ ನಮ್ಮ ಭಾವನ ಮಗನೂ ಇದನ್ನೇ ಕೇಳುತ್ತಿದ್ದಾನೆ.

ಉತ್ತರ: ಅಮೆರಿಕದ ಸೇನೆ ಪಿಎ ಓದಿಸುವುದು ನಿಜ. ಆದರೆ ಮಾಲ್‌ನ ರಿಕ್ರೂಟರ್ ತೋರಿಸಿದ ದಾರಿಯೇ ಬೇರೆ, ನೀವು ಸ್ಕಾಲರ್‌ಶಿಪ್ ಅಂತ ಅಂದುಕೊಂಡಿರುವುದೇ ಬೇರೆ. ಈಗಾಗಲೇ ಸಮವಸ್ತ್ರ ಹಾಕಿದವರಿಗೆ ಒಂದು ದಾರಿ, ಕಾಲೇಜಿನಲ್ಲಿರುವವರಿಗೆ ಇನ್ನೊಂದು. ನಿಮ್ಮ ಮಗಳು ಎರಡನೆಯ ಗುಂಪಿಗೆ ಸೇರಿದವಳು. ಅವಳಿಗೆ ಮೊದಲನೆಯ ದಾರಿ ತೋರಿಸಿದ್ದಾರೆ ಅಂತ ನನ್ನ ಅನುಮಾನ.

ಪಿಎ ಅಂದರೆ ಏನು ಅಂತ ನಿಮಗೆ ಗೊತ್ತಿರುತ್ತದೆ. ಊರಲ್ಲಿ ಕೇಳುವವರಿಗಾಗಿ ಎರಡು ಮಾತು. ರೋಗಿಯನ್ನು ಪರೀಕ್ಷಿಸುವುದು, ರೋಗ ಏನೆಂದು ಕಂಡುಹಿಡಿಯುವುದು, ಔಷಧಿ ಬರೆಯುವುದು, ಗಾಯಕ್ಕೆ ಹೊಲಿಗೆ ಹಾಕುವುದು, ಆಪರೇಷನ್‌ನಲ್ಲಿ ಸರ್ಜನ್ ಜೊತೆ ನಿಲ್ಲುವುದು, ಇಷ್ಟನ್ನೂ ಪಿಎ ಮಾಡುತ್ತಾರೆ. ಓದು ಸಾಮಾನ್ಯವಾಗಿ 27 ತಿಂಗಳ ಆಸುಪಾಸಿನ ಮಾಸ್ಟರ್ಸ್. ಮುಗಿದ ಮೇಲೆ ಪ್ಯಾನ್ಸ್ ಅನ್ನುವ ರಾಷ್ಟ್ರೀಯ ಪರೀಕ್ಷೆ, ಆಮೇಲೆ ರಾಜ್ಯದ ಲೈಸೆನ್ಸ್.

ಈ ಕೆಲಸ ಹುಟ್ಟಿದ್ದೇ ಸೇನೆಯ ನಂಟಿನಿಂದ. 1965ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ಡಾ. ಯೂಜೀನ್ ಸ್ಟೆಡ್ ಮೊದಲ ಪಿಎ ತರಗತಿ ಶುರು ಮಾಡಿದರು. ಸೇರಿದ ನಾಲ್ವರೂ ನೌಕಾಪಡೆಯಲ್ಲಿ ವೈದ್ಯಕೀಯ ಕೆಲಸ ಮಾಡಿ ಬಂದವರು. ದೇಶದಲ್ಲಿ ಡಾಕ್ಟರುಗಳ ಕೊರತೆ ಇತ್ತು. ಇತ್ತ ಸೇನೆಯ ವೈದ್ಯಕೀಯ ಅನುಭವ ಇರುವ ಇಂಥ ಹುಡುಗರಿಗೆ ಊರಿಗೆ ಬಂದ ಮೇಲೆ ತಕ್ಕ ಕೆಲಸ ಇರಲಿಲ್ಲ. ಸ್ಟೆಡ್ ಇವೆರಡನ್ನೂ ಜೋಡಿಸಿದರು. 1967ರ ಅಕ್ಟೋಬರ್ 6ರಂದು ಅವರಲ್ಲಿ ಮೂವರು ಪಾಸಾಗಿ ಹೊರಬಂದರು. ಸ್ವಲ್ಪ ವರ್ಷಗಳಲ್ಲೇ ಸೇನೆ ತನ್ನದೇ ಪಿಎಗಳನ್ನು ತಯಾರು ಮಾಡಲು ಶುರು ಮಾಡಿತು.

ಈಗ ಆ ಮೊದಲನೆಯ ದಾರಿಯ ವಿಷಯ. ಇದರ ಹೆಸರು ಇಂಟರ್‌ಸರ್ವಿಸ್ ಫಿಸಿಷಿಯನ್ ಅಸಿಸ್ಟೆಂಟ್ ಪ್ರೋಗ್ರಾಂ. ಸೇನೆಯವರ ಬಾಯಲ್ಲಿ ಐಪ್ಯಾಪ್. ನಿಮ್ಮ ರಾಜ್ಯದಲ್ಲೇ, ಸ್ಯಾನ್ ಆಂಟೋನಿಯೊದ ಫೋರ್ಟ್ ಸ್ಯಾಮ್ ಹ್ಯೂಸ್ಟನ್‌ನಲ್ಲಿ ನಡೆಯುತ್ತದೆ. ಭೂಸೇನೆ, ನೌಕಾಪಡೆ, ವಾಯುಪಡೆ, ಕೋಸ್ಟ್ ಗಾರ್ಡ್‌ನವರೆಲ್ಲ ಒಂದೇ ತರಗತಿಯಲ್ಲಿ ಕೂರುತ್ತಾರೆ. ಒಟ್ಟು ಸುಮಾರು 29 ತಿಂಗಳು. ಮೊದಲ 16 ತಿಂಗಳು ಪಾಠ, ಉಳಿದ 13 ತಿಂಗಳು ಬೇರೆ ಬೇರೆ ಸೇನಾ ಆಸ್ಪತ್ರೆಗಳಲ್ಲಿ ಪ್ರಾಯೋಗಿಕ ತರಬೇತಿ. ಕೊನೆಗೆ ಮಾಸ್ಟರ್ಸ್ ಡಿಗ್ರಿ, ಜೊತೆಗೆ ಸೇನೆಯಲ್ಲಿ ಆಫೀಸರ್ ಹುದ್ದೆ.

ಇದನ್ನು ಸ್ಕಾಲರ್‌ಶಿಪ್ ಅಂತ ಕರೆಯುವುದೇ ಸರಿಯಲ್ಲ. ಇಲ್ಲಿ ಓದುವುದೇ ಡ್ಯೂಟಿ. ಫೀಸು ಇಲ್ಲ, ಸಂಬಳ ನಿಲ್ಲುವುದಿಲ್ಲ, ಮನೆ ಬಾಡಿಗೆ ಭತ್ಯೆ ಬರುತ್ತದೆ, ಹೆಂಡತಿ ಮಕ್ಕಳಿಗೆ ಆರೋಗ್ಯ ವಿಮೆ ಇರುತ್ತದೆ. ಮೂವತ್ತು ದಾಟಿದ, ಸಂಸಾರ ಇರುವ ಒಬ್ಬ ಸೇನಾ ಮೆಡಿಕ್‌ಗೆ (ಗಾಯಾಳುಗಳಿಗೆ ಮೊದಲ ಚಿಕಿತ್ಸೆ ಕೊಡುವ ಸಿಪಾಯಿಗೆ) ಪಿಎ ಆಗಲು ಇದಕ್ಕಿಂತ ಒಳ್ಳೆಯ ದಾರಿ ಅಮೆರಿಕದಲ್ಲಿ ಇಲ್ಲ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ. ಓದು ಮುಗಿದ ಮೇಲೆ ನಾಲ್ಕೈದು ವರ್ಷ ಸೇನೆಯಲ್ಲೇ ಪಿಎ ಆಗಿ ಇರಬೇಕು, ಅಷ್ಟೇ.

ಆದರೆ ಅರ್ಜಿ ಹಾಕಬೇಕಾದರೆ ಮೊದಲೇ ಸೇನೆಯಲ್ಲಿರಬೇಕು. ನಿಮ್ಮ ಮಗಳಂತೆ ಸೇನೆಯ ನಂಟೇ ಇಲ್ಲದವರು ಕಾಲೇಜಿನಿಂದ ನೇರವಾಗಿ ಐಪ್ಯಾಪ್‌ಗೆ ಸೇರಲು ಆಗುವುದಿಲ್ಲ. ಸಾಮಾನ್ಯವಾಗಿ ಮೊದಲು ಸಿಪಾಯಿ ದರ್ಜೆಯಲ್ಲಿ ಸೇರಿ, ತರಬೇತಿ ಮುಗಿಸಿ, ಕೆಲವು ವರ್ಷ ಕೆಲಸ ಮಾಡಿ, ಮೇಲಧಿಕಾರಿಗಳ ಶಿಫಾರಸು ಪಡೆದು, ಕಾಲೇಜಿನ ಕ್ರೆಡಿಟ್‌ಗಳನ್ನು ತೋರಿಸಿ, ಆಯ್ಕೆ ಸಮಿತಿಯ ಮುಂದೆ ಅರ್ಜಿ ಇಡಬೇಕು. ಪೈಪೋಟಿ ಜೋರು. ಆಯ್ಕೆ ಆಗದಿದ್ದರೆ ಮುಂದಿನ ವರ್ಷ ಮತ್ತೆ ಪ್ರಯತ್ನ. ಅಲ್ಲಿಯವರೆಗೆ ಸಿಪಾಯಿ ಕೆಲಸವೇ.

ಮಾಲ್‌ನಲ್ಲಿ "ಸೇರಿಕೋ, ಓದಿಸ್ತೀವಿ" ಅನ್ನುವಾಗ ಬಿಟ್ಟುಹೋಗುವುದು ಇದೇ. ಸೇನೆಗೆ ಸೇರುವ ಒಪ್ಪಂದದಲ್ಲಿ ಮೆಡಿಕ್ ಕೆಲಸವನ್ನು ಬರೆಸಿಕೊಳ್ಳಬಹುದು, ಬೋನಸ್ ಬರೆಸಿಕೊಳ್ಳಬಹುದು. ಐಪ್ಯಾಪ್ ಸೀಟು ಬರೆಸಿಕೊಳ್ಳಲು ಆಗುವುದಿಲ್ಲ. ಸೈಟು ಕೊಳ್ಳುವಾಗ ಬ್ರೋಕರ್ ಬಾಯಿಮಾತಿಗೆ ಎಷ್ಟು ಬೆಲೆಯೋ ಇಲ್ಲೂ ಅಷ್ಟೇ, ಕಾಗದದಲ್ಲಿ ಇಲ್ಲದ್ದು ಇಲ್ಲ. ರಿಕ್ರೂಟರ್ ಸುಳ್ಳು ಹೇಳಿದರು ಅಂತ ನಾನು ಹೇಳುತ್ತಿಲ್ಲ. ಅವರ ಕೆಲಸ ಸಿಪಾಯಿಗಳನ್ನು ಸೇರಿಸುವುದು, ಅವರಿಗೆ ಗೊತ್ತಿರುವ ದಾರಿಯನ್ನು ಅವರು ಹೇಳಿದ್ದಾರೆ. ಇನ್ನೊಂದು ವರ್ಷದಲ್ಲಿ ಡಿಗ್ರಿ ಮುಗಿಸುವ ಹುಡುಗಿ ಒಂದು ಸೀಟಿನ ಆಸೆಗೆ ಸಿಪಾಯಿಯಾಗಿ ಸೇರುವುದು ನನ್ನ ಲೆಕ್ಕದಲ್ಲಿ ಸುಮ್ನೆ ಸುತ್ತು ಬಳಸಿದ ಹಾಗೆ. ಸೇನಾ ಜೀವನವೇ ಇಷ್ಟ ಅಂದರೆ ಮಾತು ಬೇರೆ.

ಸಿಪಾಯಿಗಳ ರಿಕ್ರೂಟರ್ ಬೇರೆ, ಹೆಲ್ತ್ ಪ್ರೊಫೆಷನ್ಸ್ ರಿಕ್ರೂಟರ್ ಬೇರೆ. ನಿಮ್ಮ ಮಗಳು ಮಾತಾಡಬೇಕಾದದ್ದು ಈ ಎರಡನೆಯವರ ಹತ್ತಿರ. ಇವರು ಮಾಲ್‌ನಲ್ಲಿ ಸಿಗುವುದು ಕಡಿಮೆ, ಹುಡುಕಿಕೊಂಡು ಫೋನ್ ಮಾಡಬೇಕು. ಭೂಸೇನೆ, ನೌಕಾಪಡೆ, ವಾಯುಪಡೆ ಮೂರಕ್ಕೂ ಬೇರೆ ಬೇರೆ ಜನ ಇದ್ದಾರೆ. ಮೂವರ ಹತ್ತಿರವೂ ಮಾತಾಡಲಿ.

ಅವರು ಹೇಳುವ ಮೊದಲ ಹೆಸರು ಎಚ್‌ಪಿಎಸ್‌ಪಿ, ಅಂದರೆ ಹೆಲ್ತ್ ಪ್ರೊಫೆಷನ್ಸ್ ಸ್ಕಾಲರ್‌ಶಿಪ್ ಪ್ರೋಗ್ರಾಂ. 1972ರ ಕಾನೂನಿನಿಂದ ಬಂದದ್ದು. ನಿಜವಾದ ಅರ್ಥದಲ್ಲಿ ಸ್ಕಾಲರ್‌ಶಿಪ್ ಅಂದರೆ ಇದೇ. ಹೊರಗಿನ ಕಾಲೇಜಿನಲ್ಲಿ ಸೀಟು ಪಡೆದುಕೊಂಡರೆ ಫೀಸು, ಪುಸ್ತಕ ಎಲ್ಲ ಸೇನೆ ಕಟ್ಟುತ್ತದೆ. ತಿಂಗಳಿಗೆ 2,000 ಡಾಲರ್‌ಗಿಂತ ಜಾಸ್ತಿ ಸ್ಟೈಪೆಂಡ್ ಕೊಡುತ್ತದೆ. ವರ್ಷಕ್ಕೆ 45 ದಿನ ಸೇನೆಯ ಡ್ಯೂಟಿ, ಆ ದಿನಗಳಿಗೆ ಪೂರ್ತಿ ಸಂಬಳ. ಕೇಳಲು ಚೆನ್ನಾಗಿದೆ ಅಲ್ವಾ? ತೊಡಕು ಇರುವುದು ಸೀಟಿನ ಲೆಕ್ಕದಲ್ಲಿ. ಡಾಕ್ಟರ್, ಡೆಂಟಿಸ್ಟ್ ಓದುವವರಿಗೆ ಇದು ಸದಾ ತೆರೆದಿರುತ್ತದೆ. ಪಿಎಗಳಿಗೆ ಯಾವ ಪಡೆ, ಯಾವ ವರ್ಷ, ಎಷ್ಟು ಸೀಟು ಅನ್ನುವುದು ಆಯಾ ವರ್ಷದ ಅಗತ್ಯದ ಮೇಲೆ ನಿಲ್ಲುತ್ತದೆ. ಹಾಗಾಗಿ "ಎಚ್‌ಪಿಎಸ್‌ಪಿ ಇದೆಯಾ" ಅಂತ ಕೇಳಬೇಡಿ. "ಅವಳು ಕಾಲೇಜು ಸೇರುವ ವರ್ಷ ಪಿಎಗೆ ಎಚ್‌ಪಿಎಸ್‌ಪಿ ಇದೆಯಾ" ಅಂತ ಕೇಳಿ.

ನೌಕಾಪಡೆಯಲ್ಲಿ ಎಚ್‌ಎಸ್‌ಸಿಪಿ (ಹೆಲ್ತ್ ಸರ್ವಿಸಸ್ ಕಾಲೇಜಿಯೇಟ್ ಪ್ರೋಗ್ರಾಂ) ಅಂತ ಇನ್ನೊಂದು ಇದೆ. ಜಾಸ್ತಿ ಜನಕ್ಕೆ ಗೊತ್ತಿಲ್ಲ. ಇದರಲ್ಲಿ ಫೀಸು ಕಟ್ಟುವುದಿಲ್ಲ, ಸಂಬಳ ಕೊಡುತ್ತಾರೆ. ಓದುತ್ತಿರುವಾಗಲೇ ನೌಕಾಪಡೆಯ ಇ-6 (ನಡುಮಟ್ಟದ ನಾವಿಕ) ದರ್ಜೆಯ ನೌಕರಿ ಅಂತ ಲೆಕ್ಕ. ಸಂಬಳ, ಬಾಡಿಗೆ ಭತ್ಯೆ, ಆರೋಗ್ಯ ವಿಮೆ ಸಿಗುತ್ತದೆ, ತರಗತಿಗೆ ಸಮವಸ್ತ್ರ ಹಾಕಿಕೊಂಡು ಹೋಗಬೇಕಿಲ್ಲ. ಓದು ಮುಗಿದ ಮೇಲೆ ರೋಡ್ ಐಲೆಂಡ್‌ನ ನ್ಯೂಪೋರ್ಟ್‌ನಲ್ಲಿ ಐದು ವಾರದ ಆಫೀಸರ್ ತರಬೇತಿ. ಫೀಸು ಕಡಿಮೆ ಇರುವ ಸರ್ಕಾರಿ ಕಾಲೇಜಿನಲ್ಲಿ ಸೀಟು ಸಿಕ್ಕರೆ ಎಚ್‌ಪಿಎಸ್‌ಪಿಗಿಂತ ಇದೇ ಲಾಭ ಆಗಬಹುದು. ಫೀಸೇ ಲಕ್ಷ ಡಾಲರ್ ದಾಟುವ ಖಾಸಗಿ ಕಾಲೇಜಾದರೆ ಲೆಕ್ಕ ಉಲ್ಟಾ.

ಮೊದಲು ಸ್ವಂತ ಸಾಲ ಮಾಡಿ ಓದಿ, ಪಿಎ ಆದ ಮೇಲೆ ನೇರವಾಗಿ ಆಫೀಸರ್ ಆಗಿ ಸೇರಿ, ಸೇನೆಯೇ ಸಾಲ ತೀರಿಸುವ ಯೋಜನೆ ಆಗ ಇದ್ದರೆ ಅದನ್ನು ಪಡೆಯುವವರೂ ಇದ್ದಾರೆ. ನನಗೆ ಇದು ಇಷ್ಟ. ಇಪ್ಪತ್ತೊಂದನೇ ವಯಸ್ಸಿನಲ್ಲಿ ಸಹಿ ಹಾಕುವುದಕ್ಕಿಂತ ಇಪ್ಪತ್ತೈದರಲ್ಲಿ, ಕೈಯಲ್ಲಿ ಲೈಸೆನ್ಸ್ ಇಟ್ಟುಕೊಂಡು ಸಹಿ ಹಾಕುವುದು ವಾಸಿ. ಆದರೆ ಸಾಲದ ನಿಯಮ ಬದಲಾಗಿದೆ. 2026ರ ಜುಲೈ 1ರಿಂದ ಹೊಸಬರಿಗೆ ಗ್ರಾಡ್ ಪ್ಲಸ್ ಅನ್ನುವ ಸರ್ಕಾರಿ ಸಾಲ ಇಲ್ಲ. ಮೊದಲಿನ ಹಾಗೆ ಫೀಸು ಎಷ್ಟಿದ್ದರೂ ಸರ್ಕಾರವೇ ಅಷ್ಟೂ ಸಾಲ ಕೊಡುತ್ತದೆ ಅಂತ ಅಂದುಕೊಳ್ಳಬೇಡಿ.

ಇನ್ನು ಜಿಐ ಬಿಲ್. ಮೂರು ವರ್ಷ ಸಕ್ರಿಯ ಸೇವೆ ಮಾಡಿ ಹೊರಬಂದವರಿಗೆ 36 ತಿಂಗಳ ಓದಿನ ನೆರವು ಸಿಗುತ್ತದೆ. ಪಿಎ ಓದು 27 ತಿಂಗಳು, ಅದರೊಳಗೆ ಆರಾಮಾಗಿ ಮುಗಿಯುತ್ತದೆ. ಐಪ್ಯಾಪ್ ಸಿಗದ ಎಷ್ಟೋ ಮೆಡಿಕ್‌ಗಳು ಹಿಡಿಯುವ ದಾರಿ ಇದು.

ಇಷ್ಟಕ್ಕೂ ಕೊಡಬೇಕಾದ ಬೆಲೆ ಏನು? ಎಚ್‌ಪಿಎಸ್‌ಪಿಯಲ್ಲಿ ಸಾಮಾನ್ಯವಾಗಿ ನೆರವು ಪಡೆದ ಒಂದು ವರ್ಷಕ್ಕೆ ಒಂದು ವರ್ಷ ಸೇವೆ. ಆದರೆ ಕನಿಷ್ಠ ಮಿತಿ ಇರುತ್ತದೆ, ಎರಡು ವರ್ಷ ಪಡೆದರೂ ಎರಡಕ್ಕೇ ಬಿಡುವುದಿಲ್ಲ. ಅದಕ್ಕಿಂತ ಮುಖ್ಯವಾದದ್ದು, ಯಾವ ದಾರಿಯಲ್ಲಿ ಸೇರಿದರೂ ಒಟ್ಟು ಬದ್ಧತೆ ಎಂಟು ವರ್ಷ. ಸಕ್ರಿಯ ಸೇವೆ ಮುಗಿದ ಮೇಲೆ ಉಳಿದ ವರ್ಷಗಳು ಮೀಸಲು ಪಡೆಯ ಪಟ್ಟಿಯಲ್ಲಿ ಹೆಸರು. ಯುದ್ಧ ಬಂದರೆ ಕರೆಯಬಹುದು. ಹಾಕಿದ ಜಾಗಕ್ಕೆ ಹೋಗಬೇಕು, ಅದು ಹವಾಯಿಯೂ ಆಗಬಹುದು, ಅಲಾಸ್ಕವೂ ಆಗಬಹುದು. ಭೂಸೇನೆಯ ಪಿಎ ಅಂದರೆ ಬಹಳಷ್ಟು ಸಲ ಬೆಟಾಲಿಯನ್ ಪಿಎ. ಐನೂರಕ್ಕೂ ಹೆಚ್ಚು ಸೈನಿಕರ ಆರೋಗ್ಯ ಅವರ ಕೈಯಲ್ಲಿ. ಬೆಳಿಗ್ಗೆ ಮಂಡಿನೋವು, ಜ್ವರ, ಬೆನ್ನುನೋವು ನೋಡುವುದು, ಮೆಡಿಕ್‌ಗಳಿಗೆ ಕಲಿಸುವುದು. ಆ ಬೆಟಾಲಿಯನ್ ಯುದ್ಧಕ್ಕೆ ಹೊರಟರೆ ಜೊತೆಗೆ ಹೋಗುವುದು. ಹೊಸ ಪಿಎಗೆ ಇಷ್ಟು ಬೇಗ ಇಷ್ಟು ಜವಾಬ್ದಾರಿ ಹೊರಗಿನ ಆಸ್ಪತ್ರೆಯಲ್ಲಿ ಸಿಗುವುದಿಲ್ಲ. ಇದು ಕೇಳಿ ಮಗಳ ಕಣ್ಣು ಅರಳಿದರೆ ಮುಂದುವರಿಯಲಿ. ಬರೀ ಫೀಸಿನ ಲೆಕ್ಕಕ್ಕೆ ಅಂದರೆ, ನ್ಯಾಷನಲ್ ಹೆಲ್ತ್ ಸರ್ವಿಸ್ ಕಾರ್ಪ್ಸ್ ಸ್ಕಾಲರ್‌ಶಿಪ್ ನೋಡಿ. ಸೇನೆಗೂ ಅದಕ್ಕೂ ಸಂಬಂಧ ಇಲ್ಲ. ಪಿಎ ವಿದ್ಯಾರ್ಥಿಗಳಿಗೂ ಕೊಡುತ್ತಾರೆ. ಡಾಕ್ಟರುಗಳ ಕೊರತೆ ಇರುವ ಕಡೆ ಕನಿಷ್ಠ ಎರಡು ವರ್ಷ ಕೆಲಸ ಮಾಡಬೇಕು. ಇದರ ಬಗ್ಗೆ ನಮ್ಮವರು ಕೇಳುವುದೇ ಕಡಿಮೆ, ಯಾಕೋ ಗೊತ್ತಿಲ್ಲ.

ನಮ್ಮ ಮನೆಗಳಿಗೆ ಮಾತ್ರ ಸಂಬಂಧಿಸಿದ ಒಂದೆರಡು ವಿಷಯ ಇವೆ. ಇವನ್ನು ಯಾವ ರಿಕ್ರೂಟರೂ ಹೇಳುವುದಿಲ್ಲ. ವಿದೇಶಿ ಸೇನೆಯಲ್ಲಿ ಇರುವವರಿಗೆ, ಇದ್ದು ನಿವೃತ್ತರಾದವರಿಗೆ ಭಾರತ ಸರ್ಕಾರ ಒಸಿಐ ಕಾರ್ಡ್ (ಭಾರತ ಮೂಲದ ವಿದೇಶಿಯರು ವೀಸಾ ಇಲ್ಲದೆ ಬಂದುಹೋಗುವ ಕಾರ್ಡ್) ಕೊಡುವುದಿಲ್ಲ. ಇದು ನಿಯಮದಲ್ಲೇ ಇದೆ. ಅಜ್ಜಿಯನ್ನು ನೋಡಲು ಪ್ರತಿ ವರ್ಷ ಬರುವ ಹುಡುಗಿಗೆ ಇದು ಸಣ್ಣ ವಿಷಯ ಅಲ್ಲ. ಸಹಿ ಹಾಕುವ ಮೊದಲೇ ಭಾರತೀಯ ಕಾನ್ಸುಲೇಟ್‌ನಲ್ಲಿ ವಿಚಾರಿಸಿ. ಆಫೀಸರ್ ಆಗಬೇಕಾದರೆ ಭದ್ರತಾ ತಪಾಸಣೆಯೂ ಇರುತ್ತದೆ. ಅದರ ಫಾರಂನಲ್ಲಿ ಭಾರತದಲ್ಲಿರುವ ಹತ್ತಿರದ ಸಂಬಂಧಿಕರು, ಅವಳ ಹೆಸರಿನಲ್ಲಿರುವ ಬ್ಯಾಂಕ್ ಖಾತೆ, ಜಮೀನು, ಸೈಟು ಎಲ್ಲ ಬರೆಯಬೇಕು. ಪ್ರೀತಿಯಿಂದ ಮೊಮ್ಮಗಳ ಹೆಸರಿಗೆ ತಾತ ಬರೆದುಕೊಟ್ಟ ಸೈಟನ್ನೂ ಸೇರಿಸಿ. ಇದ್ದರೆ ತೊಂದರೆ ಅಂತಲ್ಲ, ಮುಚ್ಚಿಟ್ಟರೆ ತೊಂದರೆ. ಹಾಗೆಯೇ 13ನೇ ಹುಟ್ಟುಹಬ್ಬದ ನಂತರ ಆಸ್ತಮಾ ಇದ್ದರೆ ವೈದ್ಯಕೀಯ ಪರೀಕ್ಷೆಯಲ್ಲಿ ಅಡ್ಡಿ ಬರುತ್ತದೆ. ವಿನಾಯಿತಿ ಕೇಳಬಹುದು, ಸಿಕ್ಕೇ ಸಿಗುತ್ತದೆ ಅಂತ ಇಲ್ಲ.

ಸದ್ಯಕ್ಕೆ ಅವಳು ಮಾಡಬೇಕಾದದ್ದು ಸೇನೆಗೂ ಮೊದಲಿನ ಕೆಲಸ. ಬಹಳಷ್ಟು ಪಿಎ ಕಾಲೇಜುಗಳು ರೋಗಿಗಳ ಜೊತೆ ಕೆಲಸ ಮಾಡಿದ ಗಂಟೆಗಳನ್ನು ಕೇಳುತ್ತವೆ, ಕೆಲವು ಕಡೆ ಸಾವಿರ ಗಂಟೆಗೂ ಜಾಸ್ತಿ. ಈ ಬೇಸಿಗೆಯಲ್ಲೇ ಇಎಂಟಿ (ಆಂಬುಲೆನ್ಸ್‌ನಲ್ಲಿ ತುರ್ತು ಚಿಕಿತ್ಸೆ ಕೊಡುವವರ) ಕೋರ್ಸೋ, ನರ್ಸಿಂಗ್ ಅಸಿಸ್ಟೆಂಟ್ ಕೆಲಸವೋ ಶುರು ಮಾಡಲಿ. ಕಾಲೇಜಿನ ಸೀಟು ಕೈಯಲ್ಲಿಲ್ಲದೆ ಎಚ್‌ಪಿಎಸ್‌ಪಿ ಪೂರ್ತಿ ಆಗುವುದಿಲ್ಲ.

ಭಾವನ ಮಗನ ವಿಷಯ. ಅಮೆರಿಕದ ಸೇನೆಯಲ್ಲಿ ಆಫೀಸರ್ ಆಗಲು ಅಲ್ಲಿನ ಪೌರತ್ವ ಬೇಕು. ಸಿಪಾಯಿಯಾಗಲು ಕನಿಷ್ಠ ಗ್ರೀನ್ ಕಾರ್ಡ್ ಬೇಕು. ವೀಸಾದಲ್ಲಿರುವ ಕೆಲವರಿಗೆ 2008ರಲ್ಲಿ ಶುರುವಾಗಿದ್ದ ಮಾವ್ನಿ ಯೋಜನೆ 2016ರಲ್ಲಿ ನಿಂತುಹೋಯಿತು. ಹಾಗಾಗಿ ದಾವಣಗೆರೆಯಿಂದ ನೇರ ದಾರಿ ಇಲ್ಲ. ಯಾರಾದರೂ ಏಜೆಂಟ್ "ಮಾಡಿಸಿಕೊಡ್ತೀನಿ" ಅಂದರೆ ದುಡ್ಡು ಕೊಡಬೇಡಿ.

ಸೇನೆಯಲ್ಲೇ ವೈದ್ಯಕೀಯ ಓದಬೇಕು ಅಂದರೆ ನಮ್ಮ ದೇಶದಲ್ಲಿ ಪುಣೆಯ ಎಎಫ್‌ಎಂಸಿ, ಅಂದರೆ ಸೇನೆಯದೇ ಮೆಡಿಕಲ್ ಕಾಲೇಜು ಇದೆ. ನೀಟ್ ಅಂಕದ ಮೇಲೆ ಕರೆಯುತ್ತಾರೆ, ಆಮೇಲೆ ಅವರದೇ ಪರೀಕ್ಷೆ, ಸಂದರ್ಶನ. ಎಂಬಿಬಿಎಸ್ ಮುಗಿಸಿ ಸೇನೆಯಲ್ಲಿ ಸೇವೆ ಮಾಡುವ ಬಾಂಡ್ ಇರುತ್ತದೆ. ಹುಡುಗಿಯರಿಗಾದರೆ ಮಿಲಿಟರಿ ನರ್ಸಿಂಗ್ ಬಿಎಸ್‌ಸಿಯೂ ಇದೆ, ಬೆಂಗಳೂರಿನ ಏರ್‌ಫೋರ್ಸ್ ಕಮಾಂಡ್ ಆಸ್ಪತ್ರೆಯ ಕಾಲೇಜಿನಲ್ಲೂ ಓದಬಹುದು. ಪಿಎ ಆಗಲೇಬೇಕು ಅಂದರೆ ಭಾರತದಲ್ಲಿ ಈ ಕೋರ್ಸ್ 1992ರಲ್ಲಿ ಚೆನ್ನೈನಲ್ಲಿ ಶುರುವಾಯಿತು, ಈಗ ಮಣಿಪಾಲದಲ್ಲೂ ಇದೆ. ಅಲೈಡ್ ಹೆಲ್ತ್ ವೃತ್ತಿಗಳ ಬಗ್ಗೆ ಇರುವ 2021ರ ಕೇಂದ್ರ ಕಾನೂನಿನ ಪಟ್ಟಿಗೆ ಈ ವೃತ್ತಿಯೂ ಸೇರಿದೆ. ಆದರೆ ಇಲ್ಲಿನ ಡಿಗ್ರಿ ತೋರಿಸಿ ಅಮೆರಿಕದ ಪ್ಯಾನ್ಸ್ ಪರೀಕ್ಷೆಗೆ ಕೂರಲು ಆಗುವುದಿಲ್ಲ. ಅಲ್ಲಿ ಮಾನ್ಯತೆ ಪಡೆದ ಕಾಲೇಜಿನಲ್ಲೇ ಮತ್ತೆ ಮೊದಲಿನಿಂದ ಪಿಎ ಓದಬೇಕು. ಇಲ್ಲಿ ಎಂಬಿಬಿಎಸ್ ಮಾಡಿದವರಿಗೂ ಇದೇ ನಿಯಮ.