ಝೀರೋ ಎಮಿಷನ್ ಕ್ರೆಡಿಟ್: ಹೊಗೆಯಿಲ್ಲದ ಕರೆಂಟಿನ ಲೆಕ್ಕ

ಓಡುತ್ತಿರುವ ಅಣುವಿದ್ಯುತ್ ಸ್ಥಾವರಗಳಿಗೆ ಬೀಗ ಬೀಳದಂತೆ ಅಮೆರಿಕದ ಕೆಲವು ರಾಜ್ಯ ಸರ್ಕಾರಗಳು ಕಂಡುಕೊಂಡ ಉಪಾಯವಿದು, ಬಾಯಿಮಾತಿನಲ್ಲಿ ‘ಝೆಕ್’. ಇಂಗಾಲ ಉಗುಳದೆ ತಯಾರಾದ ಒಂದು ಮೆಗಾವ್ಯಾಟ್-ಅವರ್‌ಗೆ, ಅಂದರೆ ನಮ್ಮ 1,000 ಯೂನಿಟ್ಟಿಗೆ, ಒಂದು ಝೆಕ್; ಸ್ಥಾವರಕ್ಕೆ ಹಣ ತರುವ ಪ್ರಮಾಣಪತ್ರ ಅದು. ನಮ್ಮಲ್ಲಿ ಸೋಲಾರ್, ಗಾಳಿ ವಿದ್ಯುತ್ತಿಗಿರುವ ಆರ್‌ಇಸಿಯ (ನವೀಕರಿಸಬಹುದಾದ ಇಂಧನದ ಪ್ರಮಾಣಪತ್ರ) ದಾಯಾದಿ ಎನ್ನಬಹುದು. ಆರ್‌ಇಸಿ ಬೆಲೆ ವಿದ್ಯುತ್ ಎಕ್ಸ್‌ಚೇಂಜಿನಲ್ಲಿ ಏರಿಳಿಯುತ್ತದೆ. ಝೆಕ್ ಬೆಲೆಯನ್ನು ಸರ್ಕಾರವೇ ನಿಗದಿ ಮಾಡುತ್ತದೆ.

ಶೇಲ್ ಗ್ಯಾಸ್ (ಬಂಡೆಯ ಪದರಗಳಿಂದ ತೆಗೆಯುವ ನೈಸರ್ಗಿಕ ಅನಿಲ) ಅಗ್ಗವಾಗಿ ಸಗಟು ವಿದ್ಯುತ್ ದರ ಬಿದ್ದಾಗ ಅಣುಸ್ಥಾವರಗಳು ಸೊರಗಿದವು. ಸಿಬ್ಬಂದಿ, ಭದ್ರತೆ, ದುರಸ್ತಿಯ ಖರ್ಚು ಉತ್ಪಾದನೆ ತಗ್ಗಿಸಿದರೂ ತಗ್ಗುವುದಿಲ್ಲ. ನ್ಯೂಯಾರ್ಕ್ ರಾಜ್ಯದ ಫಿಟ್ಜ್‌ಪ್ಯಾಟ್ರಿಕ್ ಸ್ಥಾವರವನ್ನು ಮುಚ್ಚುವುದಾಗಿ 2015ರಲ್ಲಿ ಪ್ರಕಟಣೆಯೇ ಹೊರಬಿತ್ತು. ಮರುವರ್ಷ ಆಗಸ್ಟಿನಲ್ಲಿ, ವಿದ್ಯುತ್ ದರ ನೋಡಿಕೊಳ್ಳುವ ಅಲ್ಲಿನ ಸಾರ್ವಜನಿಕ ಸೇವಾ ಆಯೋಗ ಝೆಕ್ ಆದೇಶ ಹೊರಡಿಸಿತು.

ಮೊದಲ ಎರಡು ವರ್ಷದ ಬೆಲೆ ಕಟ್ಟಿದ್ದು ಹೀಗೆ. ಒಂದು ಟನ್ (ಅಮೆರಿಕದ ಸಣ್ಣ ಟನ್, ಸುಮಾರು 907 ಕಿಲೋ) ಇಂಗಾಲದ ಡೈಆಕ್ಸೈಡ್‌ನಿಂದ ಸಮಾಜಕ್ಕಾಗುವ ನಷ್ಟ 42.87 ಡಾಲರ್. ಅಮೆರಿಕದ ಈಶಾನ್ಯ ರಾಜ್ಯಗಳ ಇಂಗಾಲ ಹರಾಜಿನಿಂದಾಗಿ (ಹೊಗೆ ಉಗುಳಲು ಸ್ಥಾವರಗಳು ಪರವಾನಗಿ ಕೊಳ್ಳುವ ಹರಾಜು) ಸಗಟು ದರದಲ್ಲಿ ಆಗಲೇ ಸೇರಿಹೋದ 10.41 ಡಾಲರ್ ಕಳೆಯಿರಿ. ಉಳಿದ 32.46ನ್ನು 0.53846ರಿಂದ ಗುಣಿಸಿ; ಒಂದು ಮೆಗಾವ್ಯಾಟ್-ಅವರ್‌ಗೆ ಎಷ್ಟು ಟನ್ ಇಂಗಾಲ ತಪ್ಪುತ್ತದೆ ಎಂಬ ಅಂದಾಜು ಅದು. ಬರುವುದು 17.48 ಡಾಲರ್, ಯೂನಿಟ್ಟಿಗೆ ಸುಮಾರು 1.75 ಸೆಂಟ್. ಇಷ್ಟೂ ಗ್ರಾಹಕರ ಬಿಲ್ಲಿಗೆ ಬರುತ್ತದೆ, ಆದರೆ ಎಲ್ಲ ಮೂಲದ ಯೂನಿಟ್ಟುಗಳ ಮೇಲೂ ಹಂಚಿಕೆಯಾಗುವುದರಿಂದ ಪ್ರತಿ ಯೂನಿಟ್ಟಿನ ಹೊರೆ ಇದಕ್ಕಿಂತ ಕಡಿಮೆ. ಮುಂದಿನ ಕಂತುಗಳಿಗೆ ಇನ್ನೊಂದು ಕಡಿವಾಣವಿದೆ: ಮಾರುಕಟ್ಟೆ ದರದ ಮುನ್ನಂದಾಜು ಮೆಗಾವ್ಯಾಟ್-ಅವರ್‌ಗೆ 39 ಡಾಲರ್ ದಾಟಿದರೆ, ದಾಟಿದಷ್ಟನ್ನು ಝೆಕ್ ಬೆಲೆಯಿಂದ ಮುರಿದುಕೊಳ್ಳಬೇಕು. ಗ್ರಾಹಕರ ಪಾಲಿಗೆ ಇಡೀ ಆದೇಶದ ಜೀವಾಳ ಇದೇ.

ಎಡವಟ್ಟಾಗುವುದು ಕಾನೂನಿನಲ್ಲಿ. ಅಮೆರಿಕದಲ್ಲಿ ಸಗಟು ವಿದ್ಯುತ್ ದರ ಕೇಂದ್ರದ ಅಧಿಕಾರ. ಮೇರಿಲ್ಯಾಂಡ್ ರಾಜ್ಯ ಒಂದು ಗ್ಯಾಸ್ ಸ್ಥಾವರಕ್ಕೆ, ಸಗಟು ಹರಾಜಿನಲ್ಲಿ ಗೆದ್ದರೆ ಇಂತಿಷ್ಟು ದರ ಖಾತ್ರಿ ಎಂದು ಷರತ್ತು ಹಾಕಿತ್ತು. 2016ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಝೆಕ್‌ನಲ್ಲಿ ಅಂಥ ಷರತ್ತಿಲ್ಲ. ಕರೆಂಟನ್ನು ಎಲ್ಲಿ ಮಾರಿದರೂ ಸರಿ, ದುಡ್ಡು ಹೊಗೆ ತಪ್ಪಿಸಿದ್ದಕ್ಕೆ. ಆದ್ದರಿಂದಲೇ ನ್ಯೂಯಾರ್ಕ್, ಇಲಿನಾಯ್ ಎರಡರ ಝೆಕ್‌ಗಳೂ 2018ರಲ್ಲಿ ಮೇಲ್ಮನವಿ ಕೋರ್ಟುಗಳಲ್ಲಿ ಗೆದ್ದವು. ಓಹಾಯೋದಲ್ಲಿ ಕೆಟ್ಟದ್ದು ಬೇರೆ ಕಾರಣಕ್ಕೆ: 2019ರ ಅಲ್ಲಿನ ಕಾಯಿದೆಯ ಹಿಂದೆ ಸುಮಾರು 6 ಕೋಟಿ ಡಾಲರ್ ಲಂಚ ಹರಿದದ್ದು ಬಯಲಾಗಿ, 2021ರಲ್ಲಿ ಅಣುಸ್ಥಾವರಗಳ ನೆರವನ್ನೇ ವಾಪಸ್ ಪಡೆಯಲಾಯಿತು.

ಕೈಗಾ ಅಣುಸ್ಥಾವರವಿರುವ ನಾಡಿನ ನಮಗೂ ಈ ಪದ ಹೊಸತೆನಿಸುವುದು ಸಹಜ: ಭಾರತದಲ್ಲಿ ಅಣುಶಕ್ತಿ ಕೇಂದ್ರ ಪಟ್ಟಿಯ ವಿಷಯ, ರಾಜ್ಯಗಳದ್ದಲ್ಲ.